ಬೆಲ್ ಬಾರಿಸದೆ ಎತ್ತಿದ ಪರದೆ

ಆಗಸ್ಟ್ 1. ಮಧ್ಯಾಹ್ನ 2:10

ಮಗ್ಗಗಳು ಮತ್ತೆ ಶುರುವಾದವು. ಐದು ನಿಮಿಷ ತಡವಾಗಿದ್ದರೆ ಇಂದಿನ ರೆಕಾರ್ಡಿಂಗಿನ ಕೊನೆಯ ಮಾತು ಆ ಸದ್ದಿನಲ್ಲಿ ಮುಳುಗುತ್ತಿತ್ತು. ಬೆಟಗೇರಿಯ ಈ ಓಣಿಯಲ್ಲಿ ನೇಕಾರರು ಊಟಕ್ಕೆ ಎದ್ದ ಒಂದು ತಾಸು, ಅದೇ ನಮ್ಮ ಸ್ಟುಡಿಯೋ. ನಮ್ಮ ಮನೆಯ ಮುಂದಿನ ಕೋಣೆ, ಸದ್ದು ಹೀರಲು ನಾಲ್ಕು ಗೋಡೆಗೆ ನಾಲ್ಕು ಕೌದಿ. ಒಂದು ಮೈಕು. ಫ್ಯಾನ್ ಬಂದ್. ಬೆವರು ಒರೆಸಿಕೊಳ್ಳುತ್ತ ದಿಲ್ಲಿ ರಾಜಕಾರಣ. 'ದಿಲ್ಲಿ ಪರದೆ' ಪಾಡ್‌ಕಾಸ್ಟಿಗೆ ಮೂರು ವರ್ಷ ತುಂಬಿತು.

ಶಿವಯೋಗಿ ಕಾಕಾ ಇಂದು ಖುಷಿಯಲ್ಲಿದ್ದರು. ಅಂದರೆ ಒಂದು ಸಲ ತಲೆಯಾಡಿಸಿದರು. ಪತ್ರಿಕೆಯಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದ ಮನುಷ್ಯ, ಹೊಗಳಿಕೆಯಲ್ಲೂ ತಪ್ಪು ಹುಡುಕುತ್ತಾರೆ. ಸುದ್ದಿ ಅವರದು, ದನಿ ನನ್ನದು. ಈ ಸಲ ನಾಲ್ಕು ತಿಂಗಳು ಕೂತು ಲೋಕಸಭೆಯ ಹಳೆಯ ಪ್ರಶ್ನೋತ್ತರ ಜಾಲಾಡಿದ್ದಾರೆ. ನಮ್ಮ ಭಾಗದ ಒಂದು ರೈಲು ಮಾರ್ಗದ ಬಗ್ಗೆ ಏಳು ವರ್ಷದಲ್ಲಿ ನಾಲ್ಕು ಸಲ ಪ್ರಶ್ನೆ. ನಾಲ್ಕು ಸಲವೂ ಒಂದೇ ಉತ್ತರ — "ಪ್ರಸ್ತಾವ ಪರಿಶೀಲನೆಯಲ್ಲಿದ್ದು, ಸೂಕ್ತ ಕಾಲದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು."

"ಮಂತ್ರಿ ಬದಲಾದ್ರು, ಕಾಮಾ ಬದಲಾಗಿಲ್ಲ" ಎಂದರು ಕಾಕಾ.

ಇಂಥ ವಾಕ್ಯವನ್ನು ಸುಮ್ಮನೆ ಓದಲೇ? ಅವ್ವನ ನಾಟಕ ಕಂಪನಿಯಲ್ಲಿ ಕ್ರೂರ ಸಾವ್ಕಾರನ ಪಾರ್ಟಿನವನು ಓಡಿಹೋದಾಗ ಮೀಸೆ ಅಂಟಿಸಿಕೊಂಡು ಹದಿನಾರು ವರ್ಷ ಆ ಪಾರ್ಟು ಆಡಿದವಳು ನಾನು. ಮಂತ್ರಿಯಾಗಿಯೇ ಓದಿದೆ. ಕೊನೆಗೆ ನನ್ನದೊಂದು ಸಾಲು ಸೇರಿಸಿದೆ — "ಅವರು ಕೇಳುತ್ತಲೇ ಇರಲಿ, ನಾವು ಪರಿಶೀಲಿಸುತ್ತಲೇ ಇರೋಣ." ಆಮೇಲೆ ಸಾವ್ಕಾರನ ನಗೆ. ಮೂರು ಮಜಲಿನದು. ಕೌದಿಯ ಧೂಳು ಉದುರಿತು.

"ಆ ಸಾಲು ಕಾಗದದಾಗ ಇಲ್ಲ."

"ಮಂದಿಗೆ ತಿಳಿತೈತ್ರಿ ಕಾಕಾ. ನಾಟಕ ಅದು."

ಕಾಗದ ಮಡಚಿಟ್ಟರು. ಗೆದ್ದೆ ಅಂದುಕೊಂಡೆ.

ಆಗಸ್ಟ್ 6. ಬೆಳಗ್ಗೆ 9

ಲಕ್ಷ್ಮೇಶ್ವರದಿಂದ ಅಬ್ರಾರನ ಫೋನು. ಅಲ್ಲಿ ಮೊಬೈಲ್ ಅಂಗಡಿ ಅವನದು. ನಮ್ಮ ಎಪಿಸೋಡ್ ಎಡಿಟ್ ಮಾಡಿ ಹಾಕುವವನೂ ಅವನೇ.

"ಮಾಯಕ್ಕಾ, ಮಂತ್ರಿದು ರಹಸ್ಯ ಆಡಿಯೋ ಬಂದೈತಿ. ಕೇಳಿದಿ?"

"ಇಲ್ಲಲೇ. ಕಳಸು."

"ಕಳಸೂದೇನೈತಿ. ನೀನಽ ಅದು."

ಯಾರೋ ಇಪ್ಪತ್ತು ಸೆಕೆಂಡು ಕತ್ತರಿಸಿದ್ದಾರೆ. ಹಿಂದಿಲ್ಲ, ಮುಂದಿಲ್ಲ. ನನ್ನ ಸಾಲು, ನನ್ನ ನಗೆ, ಅಷ್ಟೇ. ಶಿರಹಟ್ಟಿ ಬಸ್ಸಿನಲ್ಲಿ ಎಲ್ಲರ ಫೋನಿನಲ್ಲೂ ನಾನೇ ನಗುತ್ತಿದ್ದೆನಂತೆ. ಇಲ್ಲಿ ಬೇರೆ ಯಾರೂ ಓದುವುದಿಲ್ಲ, ಖರೆ ಬರೆಯುತ್ತೇನೆ — ಮೊದಲು ಖುಷಿಯಾಯಿತು. ಇಷ್ಟು ದೊಡ್ಡ ಹೌಸ್‌ಫುಲ್ ನಮ್ಮ ಕಂಪನಿ ಎಂದೂ ಕಂಡಿರಲಿಲ್ಲ.

ಸಂಜೆ 6:40

ಒಂದು ಟಿವಿ ಚಾನೆಲ್‌ನಲ್ಲಿ 'ಸ್ಫೋಟಕ ಆಡಿಯೋ'. ನಾಲ್ವರು ಕೂತು ಚರ್ಚೆ. ಒಬ್ಬರು ಧ್ವನಿತಜ್ಞರಂತೆ. "ಐವತ್ತೈದು ದಾಟಿದ ಗಂಡಸು. ಅಧಿಕಾರದ ಮದ ಸ್ಪಷ್ಟವಾಗಿದೆ" ಎಂದರು. ನನಗೆ ನಲವತ್ತೇಳು. ಚಾನೆಲ್‌ಗೆ ಫೋನ್ ಹಚ್ಚಿದೆ.

"ಆ ದನಿ ನಂದ್ರಿ."

"ಏನು ಪ್ರೂಫ್ ಮೇಡಂ?"

ಫೋನಿನಲ್ಲೇ ನಕ್ಕು ತೋರಿಸಿದೆ. ಕಟ್ ಮಾಡಿದರು.

ಆಗಸ್ಟ್ 7

ಒಂದು ಗಂಟೆ. ಮಗ್ಗ ನಿಂತವು. ಕಾಕಾ ಬರಲಿಲ್ಲ.

ಗದಗಿಗೆ, ಅವರ ಮನೆಗೇ ಹೋದೆ. ನಮ್ಮ ಕಡತಗಳಿಗೆ ದಾರ ಸುತ್ತುತ್ತಿದ್ದರು.

"ನಾಕು ತಿಂಗಳು ಕುಂತು ನಾಕು ಉತ್ತರ ಹುಡುಕಿದೆ. ಒಬ್ರೂ ಕೇಳಲಿಲ್ಲ. ನಿಮ್ಮ ನಗಿ ಕೇಳಿದ್ರು. ನಾಳಿ ನಗಿ ಸುಳ್ಳು ಅಂತ ತಿಳೀತೈತಿ. ಆಗ ಆ ನಾಕು ಖರೆ ಉತ್ತರಾನೂ ಸುಳ್ಳಾಗ್ತಾವ. ನನ್ನ ಹೆಸರು ತಗದುಬಿಡ್ರಿ. ಚಾ ಕುಡೀರಿ."

ರೇಗಲಿಲ್ಲ. 'ರಿ' ಹಚ್ಚಿದರು. ಮೂರು ವರ್ಷದಲ್ಲಿ ಮೊದಲ ಸಲ. ರೇಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗಸ್ಟ್ 10

ಮೂರು ಸಾಲಿನ ತಿದ್ದುಪಡಿ. ಆ ಮಾತು, ಆ ನಗೆ ನನ್ನವು. ಮಂತ್ರಿ ಹಾಗೆ ಹೇಳಿಲ್ಲ. ತಪ್ಪಾಯಿತು.

ಹದಿನೇಳು ಟೇಕು. 'ತಪ್ಪಾಯಿತು' ಅನ್ನುವಾಗ ಗಂಟಲು ತಾನೇ ನಡುಗುತ್ತದೆ, ಕೈ ತಾನೇ ಎದೆಗೆ ಹೋಗುತ್ತದೆ. ಮೈಕಿಗೆ ಕೈ ಕಾಣುವುದಿಲ್ಲ, ಆದರೂ... ಹದಿನೇಳನೆಯದನ್ನೇ ಅಬ್ರಾರನಿಗೆ ಕಳಿಸಿದೆ.

ಸಂಜೆ ಸೊರಟೂರಿನಿಂದ ಫೋನು. ಸಿದ್ದಲಿಂಗವ್ವ — ಹನ್ನೆರಡು ಹೆಂಗಸರ ರೊಟ್ಟಿ ಸಂಘದ ಹಿರಿಯಳು. ಫೋನನ್ನು ಸ್ಟೀಲ್ ಕೊಡದೊಳಗಿಟ್ಟು ದನಿ ದೊಡ್ಡದು ಮಾಡಿಕೊಂಡು, ರೊಟ್ಟಿ ಬಡಿಯುತ್ತ ಪ್ರತಿ ಭಾನುವಾರ ನಮ್ಮನ್ನು ಕೇಳುವವರು.

"ಅಕ್ಕಾರ, ತಪ್ಪಾತು ಅಂದ್ರಲ್ಲ, ಭಾಳ ಚಂದ ಮಾಡೀರಿ. ಇಬ್ರು ಅತ್ರು."

"ಅದು ಪಾರ್ಟಲ್ಲಬೇ. ಖರೇನ ತಪ್ಪಾಗೈತಿ."

"ಹಂಗಾರ ಮಂತ್ರಿ ನಕ್ಕಿದ್ದು?"

"ನಾನಽ ನಕ್ಕಿದ್ದು. ನನ್ನ ದನಿ ಗುರ್ತ ಸಿಗಲಿಲ್ಲೇನು?"

"ಸಿಕ್ತರಿ. ಮಂತ್ರೀನೂ ನಿಮ್ಮಂಗಽ ಮಾತಾಡ್ತಾನ ಅನ್ಕೊಂಡ್ವಿ."

ಹಿಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ನಾವು ದಿಲ್ಲಿಗೆ ಪತ್ರ ಬರದೀವ್ರಿ. ನಮ್ಮನ್ನ ನೋಡಿ ಯಾಕ ನಕ್ಕಿರಿ ಅಂತ. ಹನ್ನೆರಡು ಮಂದಿ ಸಹಿ ಹಾಕೀವಿ. ನಾಳಿ ರಜಿಸ್ಟರ್ ಮಾಡಾವ್ರು."

"ತಡೀರಿ. ಕಳಸಬ್ಯಾಡ್ರಿ."

ಗಂಟಲು ನಡುಗಲಿಲ್ಲ. ಕೈ ಎಲ್ಲಿಗೂ ಹೋಗಲಿಲ್ಲ. ಇದು ಪಾರ್ಟಲ್ಲ ಅಂತ ಅವಳಿಗೂ ಗೊತ್ತಾಗಿರಬೇಕು. "ಆತು" ಎಂದಳು, ಮೆಲ್ಲಗೆ.

ಆಗಸ್ಟ್ 11

ಅವ್ವನಿಗೆ ಎಲ್ಲ ಹೇಳಿದೆ. ಎಪ್ಪತ್ತೆಂಟರ ಕರೆವ್ವ, ಒಂದು ಕಾಲಕ್ಕೆ ಕಂಪನಿಯ ನಾಯಕಿ. ಹಾಸಿಗೆಯಿಂದ ಏಳದೆಯೇ ಕೇಳಿದಳು, "ಕಂಪನಿಯಾಗ ಆಟ ಶುರುವಾತು ಅಂತ ಮಂದಿಗೆ ಹೆಂಗ ತಿಳೀತಿತ್ತು?"

"ಪರದಿ ಎದ್ರ."

"ಅದಕ್ಕಿಂತ ಮೊದಲ?"

ಉತ್ತರ ಕೊಡುವ ಮೊದಲೇ ಟ್ರಂಕು ತೋರಿಸಿದಳು. ತಳದಲ್ಲಿ, ಹಳೆಯ ಜರಿ ಸೀರೆಗಳ ಕೆಳಗೆ, ಕಂಪನಿಯ ಹಿತ್ತಾಳೆ ಬೆಲ್. ಮೊದಲನೆಯದಕ್ಕೆ ಮಂದಿ ಕೂಡಬೇಕು. ಎರಡನೆಯದಕ್ಕೆ ಸುಮ್ಮನಾಗಬೇಕು. ಮೂರನೆಯದಾದ ಮೇಲೆ ಕಾಣುವುದೆಲ್ಲ ಆಟ. ಎಂಥ ದಡ್ಡನಿಗೂ ಗೊತ್ತು.

"ನೀ ಬೆಲ್ ಬಾರಸ್ದ ಪರದಿ ಎತ್ತೀದಿ. ಮಂದಿದೇನು ತಪ್ಪು?" ಎಂದಳು. ಹೊದಿಕೆ ಎಳೆದುಕೊಳ್ಳುತ್ತ, "ನಗಿ ಮಾತ್ರ ಚಂದಿತ್ತು. ಮೂರನೇ ಮಜಲಿನಾಗ ಉಸಿರು ಸಾಲಲಿಲ್ಲ."

ಆಗಸ್ಟ್ 19

ಎಂಟು ದಿನ ಬರೆದಿಲ್ಲ. ಎಪಿಸೋಡೂ ಇಲ್ಲ. ಕಾಕಾ ಇಲ್ಲದೆ ಯಾವ ಸುದ್ದಿ ಖರೆ ಅಂತ ನನಗೆ ಹೇಗೆ ಗೊತ್ತಾಗಬೇಕು.

ಟಿವಿಯಲ್ಲಿ ಮಾತ್ರ ಬಿಡುವಿಲ್ಲ. ಈಗ 'ನಕಲಿ ಆಡಿಯೋದ ಅಸಲಿ ಕಥೆ'. ಅದೇ ಧ್ವನಿತಜ್ಞರು, "ಮೊದಲೇ ಹೆಣ್ಣು ದನಿ ಎಂಬ ಅನುಮಾನವಿತ್ತು" ಎಂದರು. ಪಾರ್ಟು ಬದಲಿಸಲು ಇವರಿಗೆ ಮೇಕಪ್ಪೇ ಬೇಡ.

ಇಂದು ಬೆಲ್ ಚೀಲದಲ್ಲಿಟ್ಟುಕೊಂಡು ಕಾಕಾನ ಮನೆಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದು ಬಡಿದುಕೊಂಡಿತು. ಅವರ ಮುಂದಿಟ್ಟು ಸೊರಟೂರಿನ ಪತ್ರದ ಸಂಗತಿಯನ್ನೂ ಹೇಳಿದೆ.

"ಇದು ನಿಮ್ಮ ಕೈಯಾಗಿರ್ಲಿ. ನೀವು ಮೂರು ಸಲ ಬಾರಿಸಿದ್ರ ನಾ ಪಾರ್ಟು ಮಾಡ್ತೀನಿ. ಮುಗದ ಮ್ಯಾಲ ಮತ್ತೊಂದು ಸಲ. ಬೆಲ್ ಇಲ್ಲದಾಗ, ಕಾಗದದಾಗ ಏನೈತಿ ಅಷ್ಟಽ."

ಬೆಲ್ ಹೊರಳಿಸಿ ನೋಡಿದರು. ಅಂಚಿನಲ್ಲಿ ಕೆತ್ತಿದ ಅಕ್ಷರಗಳನ್ನು ಬೆರಳಿನಲ್ಲೇ ಓದಿದರು. ತಪ್ಪು ಹುಡುಕುತ್ತಿದ್ದರೋ ಏನೋ.

"ಮೊದಲ ಸೊರಟೂರಿಗೆ ಹೋಗೂಣು. ಆ ಹೆಣ್ಮಕ್ಕಳ ಎದುರಿಗೆ ರೆಕಾರ್ಡಿಂಗ್. ನಾ ಓದ್ತೀನಿ. ನೀವು ಬಾಯಿ ತಗೀಬಾರ್ದು."

ಇನ್ನೂ 'ರಿ' ಬಿಟ್ಟಿಲ್ಲ. ಆದರೆ ಬೆಲ್ ವಾಪಸ್ ಕೊಡಲಿಲ್ಲ.

ಆಗಸ್ಟ್ 24. ಭಾನುವಾರ, ಸಂಜೆ

ಮೊದಲಿನಿಂದ ಬರೆಯಬೇಕು.

ಸೊರಟೂರು. ತಗಡಿನ ಶೆಡ್ಡು, ಆರು ಒಲೆ, ಹನ್ನೆರಡು ಹೆಂಗಸರು. ಕಾಕಾ ಹಿಟ್ಟಿನ ಡಬ್ಬಿಯ ಮೇಲೆ ಕೂತರು. ಕನ್ನಡಕ ಒರೆಸಿದರು. ಅವರದು ಸೂಜಿಯಂಥ ದನಿ. ಮೊದಲ ಉತ್ತರ ಓದಿದರು, ತಾರೀಖು ಸಮೇತ. ರೊಟ್ಟಿ ಬಡಿಯುವುದು ನಿಲ್ಲಲಿಲ್ಲ. ಎರಡನೆಯದು ಓದಿದರು. ಒಬ್ಬಳು ತಲೆಯೆತ್ತಿ, "ಇದನ್ನ ಈಗರೆ ಓದಿದ್ರಲ್ಲರಿ" ಎಂದಳು.

"ಅದು ಏಳು ವರ್ಷದ ಹಿಂದಿಂದವಾ. ಇದು ಮುಂದ ಬಂದ ಮಂತ್ರೀದು."

ಮೂರನೆಯದಕ್ಕೆ ಸಿದ್ದಲಿಂಗವ್ವ ತಾನೂ ದನಿ ಕೂಡಿಸಿದಳು. "ಸೂಕ್ತ ಕಾಲದಲ್ಲಿ..." ನಾಲ್ಕನೆಯದಕ್ಕೆ ಹನ್ನೆರಡೂ ಜನ. ಕಾಮಾ ಬಂದ ಕಡೆ ಎಲ್ಲರೂ ಒಟ್ಟಿಗೆ ನಿಂತು, "ಸೂಕ್ತ ಕ್ರಮ" ಅನ್ನುತ್ತ ರೊಟ್ಟಿಯ ಮೇಲೆ ಒಟ್ಟಿಗೆ ಬಡಿದರು. ಶೆಡ್ಡಿನ ತಗಡು ಅದುರಿತು. ಆಮೇಲೆ ನಗೆ. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿಬಿಟ್ಟಳು. ನನ್ನ ಮೂರು ಮಜಲಿನ ನಗೆ ಇದರ ಮುಂದೆ ಏನೂ ಅಲ್ಲ. ನಾನು ಬಾಯಿ ತೆರೆದಿರಲಿಲ್ಲ. ಇಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಇದೇ ಮೊದಲು.

ಯಾರೋ ಕೂಗಿದರು, "ವನ್ಸ್ ಮೋರ್."

ಕಾಕಾನಿಗೆ. ಮೂವತ್ತು ವರ್ಷ ಪ್ರೂಫ್ ಮೇಜಿನ ಹಿಂದೆ ಕೂತವರಿಗೆ ವನ್ಸ್ ಮೋರ್. ಕಿವಿ ಕೆಂಪಾದವು. ಗಂಟಲು ಸರಿಮಾಡಿಕೊಂಡು ನಾಲ್ಕನ್ನೂ ಮತ್ತೆ ಓದಿದರು, ಈ ಸಲ ಕಾಮಾದಲ್ಲಿ ಸ್ವಲ್ಪ ಹೆಚ್ಚೇ ನಿಂತರು.

ಸಿದ್ದಲಿಂಗವ್ವ ಹಳೆಯ ಪತ್ರ ತಂದು ಒಲೆಗೆ ಹಾಕಿದಳು. ಹೊಸದು ಬರೆಸಿದಳು. ಯಾಕೆ ನಕ್ಕಿರಿ ಅಂತ ಅಲ್ಲ. ನಾಲ್ಕು ತಾರೀಖು, ನಾಲ್ಕು ಉತ್ತರ, ಕೆಳಗೆ ಒಂದೇ ಸಾಲು: ಐದನೆಯ ಉತ್ತರ ಬೇರೆ ಇರಲಿ. ಹದಿನಾಲ್ಕು ಸಹಿ. ಕೊನೆಯ ಎರಡು ನಮ್ಮವು.

ಆಗಸ್ಟ್ 26. ಮಧ್ಯಾಹ್ನ 12:58

ಸೊರಟೂರಿನ ಎಪಿಸೋಡ್ ಮುಂಡರಗಿಯ ತನಕ ಓಡಾಡುತ್ತಿದೆಯಂತೆ, ಕತ್ತರಿಸದೆ, ಪೂರಾ. ಕತ್ತರಿಸಲು ಏನೂ ಸಿಗಲಿಲ್ಲವೇನೋ.

ಕಾಕಾ ಬಂದಿದ್ದಾರೆ. ಹೊಸ ಕಡತ ಒಂದು ಕೈಯಲ್ಲಿ, ಬೆಲ್ ಇನ್ನೊಂದರಲ್ಲಿ.

"ಏನವಾ ಮಾಯಾ, ಇನ್ನೂ ಬರಕೋತ ಕುಂತಿ? ಇವತ್ತ ನಿನ್ನ ಪಾರ್ಟ್ ಐತಿ. ಏಳು ಜಲ್ದಿ."

'ರಿ' ಇಲ್ಲ. ಇದೊಂದನ್ನು ಬರೆದಿಟ್ಟೇ ಏಳಬೇಕು.

ಮಗ್ಗ ನಿಂತವು. ಒಂದನೇ ಬೆಲ್. ಒಳಗಿನಿಂದ ಅವ್ವ ಬಂದು ಗೋಡೆಗೆ ಒರಗಿ ಕೂತಳು. ಎರಡನೇ ಬೆಲ್. ಓಣಿಯೂ ಸುಮ್ಮನಾದಂತಿದೆ. ಗಂಟಲಲ್ಲಿ ನಗೆ ಕಾಯುತ್ತಿದೆ, ಉಸಿರು ತುಂಬಿಕೊಂಡಿದ್ದೇನೆ, ಮೂರ —