ಹುಸಿಯೂಟಕ್ಕೆ ಎತ್ತಿಟ್ಟ ಬೆಲ್ಲ

ಮೇಲ್ಹಡಗಲಿ,
ಸುರಂಗ ಶಕ ಇನ್ನೂರ ಹದಿನಾಲ್ಕು, ವಿಶಾಖೆ ಹಿಮದ ಎರಡನೆಯ ಪಾದ

ಕಾಲದಲ್ಲಿ ನನಗಿಂತ ಹಿರಿಯರಾದ, ವಯಸ್ಸಿನಲ್ಲಿ ಬಹುಶಃ ಕಿರಿಯರಾದ ನಿಮಗೆ,

ಮೊದಲು ನಮಸ್ಕಾರ ಯಾರು ಮಾಡಬೇಕೆಂದು ತಿಳಿಯದೆ ಒಲೆಯ ಮುಂದೆ ಬಹಳ ಹೊತ್ತು ಕುಳಿತಿದ್ದೆ. ನೀವು ನನ್ನ ಅಜ್ಜನ ಅಜ್ಜನಿಗೂ ಹಿಂದಿನವರು. ಆದರೆ ನನ್ನ ತಲೆ ಪೂರ್ತಿ ಬೆಳ್ಳಗಾಗಿದೆ, ನಿಮ್ಮಲ್ಲಿ ಹಲವರದು ಇನ್ನೂ ಕಪ್ಪಿರಬಹುದು. ಆದ್ದರಿಂದ ಇಬ್ಬರೂ ಒಟ್ಟಿಗೆ ಮಾಡಿದೆವು ಎಂದುಕೊಳ್ಳೋಣ. ಮೇಲಿನ ತಾರೀಖು ನೋಡಿ ಹುಬ್ಬೇರಿಸಬೇಡಿ. ಆ ವರ್ಷ ನಿಮ್ಮ ಲೆಕ್ಕದಲ್ಲಿ ಇನ್ನೂ ಹುಟ್ಟಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಊರಿನ ಅಡುಗೆಯವಳು, ಹಳೆಯ ಅಚ್ಚಿನ ಪುಸ್ತಕಗಳಿಂದ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಪತ್ರ ಹಿಂದಕ್ಕೆ ನಿಮ್ಮವರೆಗೆ ಹೇಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ. ನನ್ನ ತಮ್ಮನ ಮಗಳು ಮಾಳವ್ವ ಓದಿದವಳು. ಹೋಗುತ್ತದೆ ಎಂದು ಅವಳು ಹೇಳಿದ್ದಾಳೆ, ನಾನು ನಂಬಿದ್ದೇನೆ.

ನಮ್ಮ ಹಿರಿಯರು ಹೂವಿನಹಡಗಲಿಯ ಕಡೆಯವರು. ಉತ್ತರದ ಈ ಹಿಮಬೆಟ್ಟದೊಳಗೆ ಸುರಂಗ ಕೊರೆಯಲು ಬಂದರು. ಕೆಲಸ ಮುಗಿದ ಮೇಲೆ ಹಲವರು ವಾಪಸು ಹೋದರು, ಕೆಲವರು ಇಲ್ಲಿನ ಹುಲ್ಲು ನೋಡಿ ಕುರಿ ಕಟ್ಟಿಕೊಂಡು ಉಳಿದರು. ಅದಕ್ಕೇ ನಮ್ಮ ಶಕ ಸುರಂಗದಿಂದ ಶುರುವಾಗುತ್ತದೆ, ನಮ್ಮ ಊರಿನ ಹೆಸರು ಮೇಲ್ಹಡಗಲಿ. ಕಂಬಳಿ ನೇಯುತ್ತೇವೆ, ಉಣ್ಣೆ ಕೆಳಗೆ ಕಳಿಸಿ ಜೋಳ, ಬೇಳೆ, ಬೆಲ್ಲ ತರಿಸಿಕೊಳ್ಳುತ್ತೇವೆ. ನಿಮ್ಮಲ್ಲಿ ಮಳೆ ನಕ್ಷತ್ರಗಳ ಲೆಕ್ಕ ವಿಶಾಖೆ, ಅನೂರಾಧೆಗೆ ಮುಗಿಯುತ್ತದೆಯಂತೆ. ನಮ್ಮ ಹಿಮ ನಕ್ಷತ್ರಗಳ ಲೆಕ್ಕ ಅಲ್ಲಿಂದಲೇ ಶುರು. ಅನೂರಾಧೆಯಲ್ಲಿ ಕಣಿವೆಯ ದಾರಿ ಮುಚ್ಚುತ್ತದೆ. ಆಮೇಲೆ ಚೈತ್ರದವರೆಗೆ ಯಾರೂ ಹತ್ತುವಂತಿಲ್ಲ, ಇಳಿಯುವಂತಿಲ್ಲ. ಜ್ಯೇಷ್ಠೆಯ ಹಿಮ ಹೊಸ ಸೊಸೆಯಂತೆ ಸದ್ದಿಲ್ಲದೆ ಒಳಗೆ ಬರುತ್ತದೆ, ಮೂಲದ ಹಿಮ ಅತ್ತೆಯಂತೆ ಬಾಗಿಲು ದಬ್ಬಿಕೊಂಡು ಬರುತ್ತದೆ ಎಂದು ನಮ್ಮ ಹೆಂಗಸರು ಹೇಳುತ್ತಾರೆ. ಹಾಗೆ ಗಾಳಿಯ ಜೊತೆ ನುಗ್ಗುವ ಹಿಮಕ್ಕೆ ನಾವು ಬಿರುಹಿಮ ಎನ್ನುತ್ತೇವೆ. ಅದು ಪ್ರತಿ ವರ್ಷ ಬರುವುದಿಲ್ಲ. ಬಂದ ವರ್ಷ ಬೆಟ್ಟದ ಮೈಮೇಲಿನ ಹಿಮವನ್ನೆಲ್ಲ ಊರಿನ ಮೇಲೆ ಉರುಳಿಸುತ್ತದೆ.

ಆದ್ದರಿಂದ ಪ್ರತಿ ವರ್ಷ ದಾರಿ ಮುಚ್ಚುವ ಮೊದಲೇ, ಸ್ವಾತಿಯಲ್ಲಿ, ನಮ್ಮಲ್ಲಿ ಮುಂದಾಗುವುದನ್ನು ನುಡಿಯುವ ಕಾರಣಿಕ ನಡೆಯುತ್ತದೆ. ನಿಮ್ಮ ಕಾಲದ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ, “ಸದ್ದಲೇ” ಎಂದು ಜನರನ್ನು ಸುಮ್ಮನಾಗಿಸಿ, ಒಂದೇ ಮಾತು ನುಡಿಯುತ್ತಿದ್ದರಂತೆ. ಆ ಮಾತಿಗೆ ಅವರವರು ಅವರವರಿಗೆ ಬೇಕಾದ ಅರ್ಥ ಹಚ್ಚುತ್ತಿದ್ದರಂತೆ. ನಾವು “ಸದ್ದಲೇ” ಉಳಿಸಿಕೊಂಡೆವು, ಒಂದೇ ಮಾತನ್ನೂ ಉಳಿಸಿಕೊಂಡೆವು, ಅರ್ಥ ಹಚ್ಚುವುದನ್ನು ಬಿಟ್ಟೆವು. ನಮ್ಮ ಕಾರಣಿಕ ನುಡಿಯುವವರು ಹಿಮಗಾವಲಿಯವರು. ಎಂದರೆ ಬೆಟ್ಟದ ಮೇಲಿನ ಯಂತ್ರಗಳನ್ನು ನೋಡಿಕೊಂಡು ಬರುವ ಚಳಿಗಾಲದ ಹವೆ ತಿಳಿದು ಹೇಳುವವರು, ಒಂದು ಕಾಲಕ್ಕೆ ಒಬ್ಬರೇ. ಹಿಮ ಅಳೆಯುವ ಕಂಬ ಊರ ನಡುವೆ ಇದೆ. ಅದನ್ನೇರಿ, ಇಳಿಯಿರಿ ಎಂದೋ ಉಳಿಯಿರಿ ಎಂದೋ ಹೇಳಬೇಕು. ಯಂತ್ರಗಳಿಗೆ ಹೇಳಲು ಬರುವುದು “ಆಗಬಹುದು” ಎಂಬುದಷ್ಟೇ. “ಹೋಗಿ” ಎನ್ನುವುದಕ್ಕೆ ಮನುಷ್ಯರ ಬಾಯೇ ಬೇಕು.

ಇಳಿಯುವುದು ಸುಲಭವಲ್ಲ. ಕೂಸು, ಮುದುಕರು, ಗರ್ಭಿಣಿಯರು, ಕುರಿಗಳು, ಮಗ್ಗ, ಎಲ್ಲವೂ ಕಣಿವೆ ದಾಟಬೇಕು. ದಾರಿಯಲ್ಲಿ ಮರಿಗಳು ಸಾಯುತ್ತವೆ. ಕೆಳಗಿನ ಊರಿನವರ ಕೊಟ್ಟಿಗೆಯಲ್ಲಿ ಇಡೀ ಚಳಿಗಾಲ ಮೈ ಮುದುಡಿಕೊಂಡು ಇರಬೇಕು. ಇಷ್ಟೆಲ್ಲ ಆದ ಮೇಲೆ ಬಿರುಹಿಮ ಬರದೇ ಹೋದರೆ ಸಿಟ್ಟು ಬರುವುದಿಲ್ಲವೇ? ಬರುತ್ತದೆ. ಆ ಸಿಟ್ಟಿಗೆಂದೇ ನಮ್ಮ ಅಜ್ಜಿಯಂದಿರು ಒಂದು ಊಟ ಇಟ್ಟರು. ಅದರ ಹೆಸರು ಹುಸಿಯೂಟ.

ಅದು ಹುಟ್ಟಿದ ಬಗೆಯನ್ನು ನೀವು ಕೇಳಲೇಬೇಕು. ಬಹಳ ಹಿಂದೆ ಹಾಲಪ್ಪ ಎಂಬವನು ಹಿಮಗಾವಲಿಯಲ್ಲಿದ್ದ. ಒಂದು ವರ್ಷ ಅವನು ಇಳಿಯಿರಿ ಎಂದ, ಜನ ಇಳಿದರು, ಚಳಿಗಾಲವೆಲ್ಲ ಬಿಸಿಲು ಕಾಯಿತು. ತಿರುಗಿ ಬಂದ ಜನ ಅವನ ಬಾಗಿಲಿಗೆ ಒಂದು ಬೀಸಣಿಗೆ ಕಟ್ಟಿದರು, ಸೆಕೆಗೆ ಬೇಕಾದೀತೆಂದು. ಕಟ್ಟಿದವರು ಕೆಟ್ಟವರಲ್ಲ, ನಿಮ್ಮ ನಮ್ಮಂಥವರೇ. ಹಾಲಪ್ಪನೂ ನಕ್ಕನಂತೆ. ಮರುವರ್ಷ ಯಂತ್ರಗಳು ಮತ್ತೆ ಅದನ್ನೇ ಹೇಳಿದವು. ಈ ಸಲ ಅವನು ಕಂಬವೇರಿ, “ಬಂದರೂ ಬರಬಹುದು” ಎಂದ. ಜನರಿಗೆ ಬೇಕಾಗಿದ್ದೂ ಅಷ್ಟೇ, ಎಲ್ಲರೂ ಉಳಿದರು. ಮೂಲದಲ್ಲಿ ಬಿರುಹಿಮ ಬಂದು ಹಳ್ಳದ ದಂಡೆಯ ಮನೆಗಳ ಸಾಲನ್ನು ಪೂರ್ತಿ ಮುಚ್ಚಿತು. ಹಾಲಪ್ಪ ಬರಿಗೈಯಲ್ಲಿ ಹಿಮ ಅಗೆದ. ಹಿಮ ಕರಗಿದ ಮೇಲೆ ಅವನು ಬದುಕಿದ್ದ, ಆದರೆ ಸಾಯುವತನಕ ಒಂದು ಮಾತೂ ಆಡಲಿಲ್ಲ. ಆ ಸಾಲಿನಲ್ಲಿ ಇಂದಿಗೂ ಯಾರೂ ಮನೆ ಕಟ್ಟುವುದಿಲ್ಲ. ಉಳಿದ ಹೆಂಗಸರು ಆ ಬೀಸಣಿಗೆಯನ್ನು ಬಿಚ್ಚಿ ಒಲೆಗೆ ಹಾಕಿದರು. ಹಾಲಪ್ಪನ ನಂತರ ಬಂದವನ ಮಾತು ಮೊದಲ ಸಲ ಹುಸಿಯಾದಾಗ ಮನೆಮನೆಯಿಂದ ಒಂದೊಂದು ಉಂಡೆ ಬೆಲ್ಲ ತಂದು ಹೋಳಿಗೆ ಮಾಡಿ, ಅವನನ್ನು ಮುಂದೆ ಕೂರಿಸಿ ಬಡಿಸಿದರು. ಊರಿನ ಹಿರಿಯರು, “ಬರಲಿಲ್ಲ, ಬದುಕಿದೆವು, ಉಣ್ಣು” ಎಂದರು. ಅಂದಿನಿಂದ ಇದೇ ಪದ್ಧತಿ. ಆ ಹೋಳಿಗೆ ತಟ್ಟುವ ಕೈ ಈಗ ನನ್ನದು.

ಈಗ ಮಾಳವ್ವನ ವಿಷಯ. ಅವಳು ಹಿಮಗಾವಲಿಗೆ ಬಂದ ಮೇಲೆ ಎರಡು ಸಲ ಇಳಿಯಿರಿ ಎಂದಳು, ಎರಡು ಸಲವೂ ಹುಸಿಯಾಯಿತು. ಎರಡು ಹುಸಿಯೂಟ ಉಂಡಳು. ಹೋದ ವರ್ಷದ ಊಟದಲ್ಲಿ ಕುರಿಗಾರರ ಹಿರಿಯ ಗೂಳಪ್ಪ ತಾನೇ ಅವಳ ತಾಟಿಗೆ ತುಪ್ಪ ಸುರಿದ. ಇಳಿಯುವ ದಾರಿಯಲ್ಲಿ ಅವನ ಮರಿಗಳೇ ಹೆಚ್ಚು ಸತ್ತಿದ್ದವು, ಆದರೂ ಬಂದ. ಸುರಿಯುತ್ತ, “ಬರೂ ವರ್ಷಕ್ಕೂ ಬ್ಯಾಳಿ ನೆನಿ ಹಾಕಿಡಬೇಕೇನು, ನಮ್ಮವ್ವ?” ಎಂದ. ಪ್ರೀತಿಯಿಂದಲೇ ಅಂದಿದ್ದು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಾಳವ್ವನೂ ನಕ್ಕಳು, ಆದರೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಹಾಲಪ್ಪನೂ ಹೀಗೇ ನಕ್ಕಿರಬೇಕು ಎಂದು ನನಗೆ ಆಗಲೇ ಅನಿಸಿತ್ತು.

ಈ ವರ್ಷ ಕಾರಣಿಕಕ್ಕೆ ಕೆಲವು ದಿನ ಮೊದಲು, ಮಧ್ಯಾಹ್ನ, ನಾನು ರೊಟ್ಟಿ ಬಡಿಯುವಾಗ ಅವಳು ಅಡುಗೆಮನೆಗೆ ಬಂದು ಹಿಟ್ಟಿನ ಡಬ್ಬಿಯ ಮೇಲೆ ಕುಳಿತಳು. ಮೂಲದಲ್ಲಿ ಬಿರುಹಿಮದ ಲಕ್ಷಣ ಅರ್ಧಕ್ಕಿಂತ ಹೆಚ್ಚೇ ಇದೆ ಎಂದಳು. ಆಮೇಲೆ ನೆಲ ನೋಡುತ್ತ, “ಅತ್ತೀ, ಬಂದ್ರೂ ಬರಬೌದು ಅಂತ ಹೇಳಿದ್ರ ಸಾಲೂದಿಲ್ಲೇನು? ಸುಳ್ಳಂತೂ ಆಗೂದಿಲ್ಲಲ್ಲ,” ಎಂದಳು.

“ಸುಳ್ಳಾಗೂದಿಲ್ಲ,” ಎಂದೆ. “ಯಾರ ಕಿವಿಗೂ ಬೀಳೂದೂ ಇಲ್ಲ.”

ಅವಳು ಅತ್ತಳು. ಗೂಳಪ್ಪನ ಸೊಸೆ ರುದ್ರವ್ವ ತುಂಬು ಬಸುರಿ, ಮೂಲದಲ್ಲೇ ಹೆರಿಗೆ. ಇಳಿಯಿರಿ ಎಂದರೆ ಆ ಹುಡುಗಿ ಆ ಸ್ಥಿತಿಯಲ್ಲಿ ಕಣಿವೆ ದಾಟಬೇಕು. ದಾರಿಯಲ್ಲಿ ಏನಾದರೂ ಆಗಿ, ಕೊನೆಗೆ ಬಿರುಹಿಮವೂ ಬರದಿದ್ದರೆ ಯಾವ ಮುಖ ಹೊತ್ತು ಹೋಳಿಗೆ ಉಣ್ಣಲಿ ಎಂದು ಕೇಳಿದಳು. ಇಳಿಯದೆ ಉಳಿದು ಬಿರುಹಿಮ ಬಂದರೆ ಎಂದು ನಾನು ಕೇಳಲಿಲ್ಲ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

ಮಾರನೆಯ ಬೆಳಿಗ್ಗೆ ನಾನು ಬುಟ್ಟಿ ಹಿಡಿದು ಮನೆಮನೆಗೆ ಹೊರಟೆ, ಹುಸಿಯೂಟಕ್ಕೆ ಬೆಲ್ಲ ಕೊಡಿ ಎಂದು. ಈ ಮುದುಕಿಗೆ ಅರಳುಮರಳು ಎಂದು ಕೆಲವರು ನಕ್ಕರು. ಚಳಿಗಾಲವೇ ಬಂದಿಲ್ಲ, ಕಾರಣಿಕವೇ ಆಗಿಲ್ಲ. ಗೂಳಪ್ಪ ಹೊಸ್ತಿಲಲ್ಲಿ ಕುಳಿತು ಉಣ್ಣೆ ಬಿಡಿಸುತ್ತಿದ್ದ.

“ಕೊಟ್ರವ್ವ, ಆಕಿ ಇನ್ನೂ ಬಾಯೇ ಬಿಟ್ಟಿಲ್ಲ. ಹುಸಿ ಯಾವಾಗ ಆತು?” ಎಂದ.

“ಆದ್ರ ಅಂತ ಕೇಳಾಕ ಬಂದೀನಿ. ಆಮ್ಯಾಲ ಕೊಟ್ಟ ಬೆಲ್ಲ ಆಕಿ ಗಂಟಲದಾಗ ಮುಳ್ಳಾಗಿ ನಿಂತೈತಿ, ಗೂಳಪ್ಪ. ಈ ಸಲ ಮೊದಲ ಕೊಡು. ಆಕಿ ಕಂಬ ಹತ್ತೂ ಮೊದಲ.”

ಅವನು ಉಣ್ಣೆ ಕೆಳಗಿಟ್ಟ. ಹೋದ ವರ್ಷ ಆಡಿದ ಮಾತು ಅವನಿಗೆ ನೆನಪಾಗಿರಬೇಕು. ಎದ್ದು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಪೆಂಟೆಯನ್ನು, ಒಡೆಯದ ಇಡೀ ಅಚ್ಚನ್ನೇ, ತಂದು ಬುಟ್ಟಿಯಲ್ಲಿಟ್ಟ. ಅದು ಸೊಸೆಯ ಬಾಣಂತನಕ್ಕೆಂದು ಬೇಸಿಗೆಯಿಂದ ಎತ್ತಿಟ್ಟಿದ್ದ ಬೆಲ್ಲ. ಬೇಡ, ಒಂದು ಉಂಡೆ ಸಾಕು ಎಂದೆ. “ಖರೇ ಹೇಳಲಿ ಅಂತ ಕೊಡಾಕತ್ತೀನಿ. ಉಂಡಿ ಸಾಲೂದಿಲ್ಲ,” ಎಂದ. ಬಾಗಿಲ ಹಿಂದೆ ನಿಂತಿದ್ದ ರುದ್ರವ್ವ ಆಗಲಿ ಎಂದು ತಲೆಯಾಡಿಸಿದಳು. ಗೂಳಪ್ಪ ಕೊಟ್ಟ ಎಂಬ ಸುದ್ದಿ ನನಗಿಂತ ಮುಂದೆ ಓಡಿತು. ಮುಂದಿನ ಓಣಿಗಳಲ್ಲಿ ಯಾರೂ ನಗಲಿಲ್ಲ.

ಕಾರಣಿಕದ ದಿನ ಬುಟ್ಟಿಯನ್ನು ಕಂಬದ ಬುಡದಲ್ಲಿಟ್ಟೆ. ಮಾಳವ್ವ ಬಂದವಳು ಅದನ್ನು ನೋಡಿದಳು. ಅದೇನೆಂದು ಯಾರೂ ಹೇಳಬೇಕಾಗಲಿಲ್ಲ. ಗೂಳಪ್ಪನ ಮನೆಯ ಬಟ್ಟೆಯ ಗುರುತು ಹಿಡಿದು ಅವನ ಕಡೆ ನೋಡಿದಳು. ಅವನು, “ಹತ್ತವ್ವ,” ಎಂದ. ಅವಳು ಹತ್ತಿದಳು. “ಸದ್ದಲೇ” ಎಂದಾಗ ಕುರಿಗಳೂ ಸುಮ್ಮನಾದವು ಎಂದು ನನಗನಿಸಿತು, ನನ್ನ ಎದೆಯೇ ಸುಮ್ಮನಾಗಿತ್ತೋ ಏನೋ. “ಮೂಲದಾಗ ಬಿರುಹಿಮ ಬರತೈತಿ. ಎಲ್ಲಾರೂ ಇಳೀರಿ,” ಎಂದಳು.

ಊರು ಇಳಿಯಿತು. ರುದ್ರವ್ವನನ್ನು ಕಂಬಳಿಯ ಡೋಲಿಯಲ್ಲಿ ಹೊತ್ತರು. ಕಣಿವೆಯ ಬಾಯಲ್ಲಿ ಗೂಳಪ್ಪ ತಿರುಗಿ ನಿಂತು, ಹುಸಿಯಾದರೆ ತನ್ನ ಪೆಂಟೆಯನ್ನೇ ಮೊದಲು ಒಡೆಯಬೇಕೆಂದು ನನಗೆ ತಾಕೀತು ಮಾಡಿ ಹೋದ. ಯಂತ್ರಗಳ ಮೇಲಿನ ಹಿಮ ಒರೆಸಲು ಹಿಮಗಾವಲಿಯವರು ಹಿಂದೆ ಉಳಿಯಬೇಕು, ಅವರ ವಾಸ ಹಳೆಯ ಸುರಂಗದೊಳಗೆ. ಅಲ್ಲಿಗೆ ಯಾವ ಬಿರುಹಿಮವೂ ತಲುಪುವುದಿಲ್ಲ. ಬೆಲ್ಲದ ಬುಟ್ಟಿ ಹೊತ್ತು ನಾನೂ ಅವಳೊಡನೆ ಉಳಿದೆ. ಒಬ್ಬಳನ್ನೇ ಬಿಟ್ಟರೆ ಈ ಹುಡುಗಿ ಸಾರಿಗೆ ಉಪ್ಪು ಹಾಕುವುದನ್ನೂ ಮರೆಯುತ್ತಾಳೆ. ಮೊನ್ನೆ ಕೆಳಗಿನಿಂದ ಸುದ್ದಿ ಬಂತು. ಎಲ್ಲರೂ ತಲುಪಿದ್ದಾರೆ, ರುದ್ರವ್ವ ಆರಾಮವಾಗಿದ್ದಾಳೆ, ದಾರಿಯಲ್ಲಿ ಮತ್ತೆ ಕೆಲವು ಮರಿಗಳು ಹೋದವು. ಮಾಳವ್ವ ಆ ಮರಿಗಳಿಗಾಗಿ ಅತ್ತಳು.

ಇಷ್ಟು ಬರೆದದ್ದು ನಿಮ್ಮಲ್ಲಿ ಒಂದು ಕೇಳಿಕೊಳ್ಳುವುದಕ್ಕೆ. ನಿಮ್ಮ ಕಾಲದಲ್ಲೂ ಹವೆಯ ಮುನ್ಸೂಚನೆ ಹೇಳುವವರಿದ್ದರು ಎಂದು ಓದಿದ್ದೇನೆ. ಅವರು ಬಿರುಗಾಳಿ ಎಂದರು, ಶಾಲೆಗೆ ರಜೆ ಕೊಟ್ಟಿರಿ, ದೋಣಿಗಳನ್ನು ದಡಕ್ಕೆ ಎಳೆದಿರಿ, ಬಿಸಿಲು ಬಂತು. ಅವರು ಮಳೆ ಎಂದರೆ ಕೊಡೆ ಮನೆಯಲ್ಲಿಡಿ ಎಂದು ನಕ್ಕಿರಿ. ನಗುವುದು ತಪ್ಪೆಂದು ಹೇಳುವಷ್ಟು ಗಂಭೀರ ಹೆಂಗಸಲ್ಲ ನಾನು. ಆದರೆ ನಕ್ಕ ಮೇಲೆ ಒಂದು ಉಂಡೆ ಬೆಲ್ಲ ಕೊಟ್ಟು ಬನ್ನಿ. ಮುಂದಿನ ಸಲ ಅವರ ನಾಲಿಗೆ ಹಿಂಜರಿದರೆ ಬಿರುಗಾಳಿಯ ದಾರಿಯಲ್ಲಿ ಯಾರ ಮನೆಗಳ ಸಾಲು ಇರುತ್ತದೋ ಯಾರು ಬಲ್ಲರು.

ಹೊರಗೆ ಆಕಾಶ ತೊಳೆದಿಟ್ಟ ತಾಟಿನಂತಿದೆ, ಒಂದು ಮೋಡದ ಚೂರೂ ಇಲ್ಲ. ಮೊದಲ ವಾರವೆಲ್ಲ ಮಾಳವ್ವ ಗಳಿಗೆಗೊಮ್ಮೆ ಸುರಂಗದ ಬಾಯಿಗೆ ಹೋಗಿ ನೋಡುತ್ತಿದ್ದಳು. ಒಂದು ದಿನ ನನ್ನ ಹತ್ತಿರ ಕುಳಿತು, ಬಿರುಹಿಮ ಬರಲಿ ಎಂದು ತನ್ನ ಮನಸ್ಸು ಬೇಡುತ್ತಿದೆ, ತನ್ನ ಮಾತು ನಿಜವಾಗಲಿ ಎಂದು, ಇದೆಂಥ ಪಾಪ ಎಂದಳು. ಖಾಲಿ ಊರಿನ ಮೇಲಾದರೂ ಅದು ನಮ್ಮ ಮನೆಗಳ ಮೇಲೇ ಬೀಳಬೇಕಲ್ಲ. ಅವಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿ ಜಡೆ ಹಾಕಿದೆ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅವಳು ಆಕಾಶ ನೋಡಲು ಹೋಗಿರಲಿಲ್ಲ. ಮೂಲೆಯಲ್ಲಿ ಬೆಲ್ಲದ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಇರುವೆ ಹತ್ತದಂತೆ ಸುತ್ತಲೂ ಬೂದಿ ಹಾಕುತ್ತಿದ್ದಳು. ನನ್ನನ್ನು ನೋಡಿ, “ಹುಸೀನ ಆಗಲಿ ಅತ್ತೀ,” ಎಂದಳು. “ಗೂಳಪ್ಪಕಾಕಾನ ಪೆಂಟಿ ಒಡದು, ಹೊಟ್ಟಿ ತುಂಬ ಹೋಳಿಗಿ ಉಣ್ಣೂನು.”

ನೀವು ಹಿರಿಯರು. ನಮ್ಮ ಹುಡುಗಿಯ ಮಾತು ಸುಳ್ಳಾಗಲಿ ಎಂದು ಹರಸಿ.

ಸುರಂಗದಿಂದ,
ನಿಮ್ಮ ಕೊಟ್ರವ್ವ