ಏಳನೆಯ ಕಲ್ಲು

ಮನೆಯಿಂದ
ಗುರುವಾರ, ಸಂಜೆ ಐದೂವರೆ

ಯಾವುದೋ ಬಸ್ಸಿನಲ್ಲಿ ಕೂತಿರುವ ನನ್ನ ಪ್ರೀತಿಯ ಅಕ್ಕನಿಗೆ,

ಕೆಮ್ಮು ಬಿಟ್ಟಿತೇ? ಕಿಟಕಿ ಪಕ್ಕ ಕೂರಬೇಡ ಎನ್ನಲು ಈಗ ಅಮ್ಮ ಇಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಅಪ್ಪ ಎರಡು ಹೊತ್ತು ಉಣ್ಣುತ್ತಾರೆ, ಮಾತು ಮಾತ್ರ ಇಲ್ಲ. ಅಮ್ಮ ಹೋಗಿ ನಾಳೆಗೆ ಒಂಬತ್ತು ವಾರ. ಇವತ್ತು ಬೆಳಿಗ್ಗೆ ಅವಳ ಹೊದಿಕೆಯನ್ನು ಕೊನೆಗೂ ಒಗೆದೆ. ಒಗೆಯುವ ಕಲ್ಲಿನ ಮೇಲೆ ಅವಳು ಸವೆಸಿದ ತಗ್ಗಿದೆಯಲ್ಲ, ನನ್ನ ಕೈಯೂ ಅಲ್ಲಿಗೇ ಹೋಗುತ್ತದೆ. ಅಪ್ಪ ಹಿತ್ತಿಲ ಬಾಗಿಲಲ್ಲಿ ನಿಂತು ಕಲ್ಲನ್ನೇ ನೋಡುತ್ತಿದ್ದರು. ಅಮ್ಮನ ನೆನಪಾಗಿರಬೇಕು ಎಂದುಕೊಂಡೆ.

ಹತ್ತು ಗಂಟೆಗೆ ಊರ ಹುಲ್ಲುಗಾವಲಿನ ಸರ್ವೆ ಇತ್ತು. ಅಕ್ಕಾ, ಕೂತುಕೊಂಡು ಓದು. ಹೋದ ಸಲ ಬಂದಾಗ ನೀನು ಊರವರನ್ನೆಲ್ಲ ಸೇರಿಸಿ ಹೇಳಿದ್ದು ಒಂದೇ ಮಾತು: "ಹುಲ್ಲುಗಾವಲಿನ ಗಡಿಕಲ್ಲು ಯಾರೂ ಮುಟ್ಟಬೇಡಿ, ನಮಗಿರೋ ಸಾಕ್ಷಿ ಅದೊಂದೇ." ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಹನ್ನೆರಡು ಕಲ್ಲುಗಳಲ್ಲಿ ಹನ್ನೊಂದು ಸಿಕ್ಕಿದ್ದವು. ಅದರಲ್ಲಿ ನಾಲ್ಕನ್ನು ಅಮ್ಮನೇ ಪೊದೆ ಸರಿಸಿ, ಕೈಯೆಲ್ಲ ತರಚಿಕೊಂಡು ಹುಡುಕಿದ್ದಳು. ಏಳನೆಯದು ಮಾತ್ರ ಇಲ್ಲ. ಅದನ್ನು ನಿಲ್ಲಿಸಲು ಬಂಡೆಯಲ್ಲಿ ಕೊರೆದ ಚೌಕ ಗುಂಡಿಯಷ್ಟೇ ಇದೆ, ನಾವು ಎಲೆಯ ದೋಣಿ ಬಿಡುತ್ತಿದ್ದೆವಲ್ಲ, ಅದೇ.

ನಿನ್ನೆ ನಮ್ಮ ಕಲ್ಲುಕುಟಿಗ ಮಾವ ಉಳಿ ಸುತ್ತಿಗೆ ಹಿಡಿದು ಹೋಗಿ ಹನ್ನೊಂದೂ ಕಲ್ಲಿನ ಸವೆದ ಅಂಕಿಗಳನ್ನು ಹೊಸದಾಗಿ ಕೆತ್ತಿದ್ದಾರೆ! ಹಿಂದೆಯೇ ಹೆಂಗಸರು ಪಾಚಿ ಉಜ್ಜಿ ಸುಣ್ಣ ಬಳಿದಿದ್ದಾರೆ. ಕಲ್ಲುಗಳೆಲ್ಲ ಮದುಮಕ್ಕಳ ಹಾಗೆ ನಿಂತಿವೆ. ಯಾಕೆ ಮಾವ ಎಂದರೆ, "ಸಾಹೇಬರಿಗೆ ದಪ್ಪ ಕನ್ನಡಕ ಅಂತೆ ತಾಯಿ, ಪಾಪ ಓದೋಕೆ ಕಷ್ಟ ಆಗಬಾರದು ಅಂತ" ಎಂದರು. ಅಳಲೋ, ಆ ಉಳಿಯನ್ನು ಕಸಿದು ಬಾವಿಗೆ ಎಸೆಯಲೋ ತಿಳಿಯಲಿಲ್ಲ.

ಸರ್ವೆಯವರು ಬೆರಳಿಗೆ ಅಂಟಿದ ಸುಣ್ಣ ನೋಡಿ, "ಇವನ್ನ ನೆಟ್ಟಿದ್ದು ಯಾವಾಗ, ಹೋದ ವಾರವಾ?" ಎಂದರು. ಹುಲ್ಲುಗಾವಲನ್ನು ಒಳಹಾಕಿಕೊಂಡು ಬೇಲಿ ಹಾಕಿರುವ ತೋಟದ ಕಂಪನಿಯ ಮ್ಯಾನೇಜರು ಕಿಸಕ್ಕನೆ ನಕ್ಕ. ಮೂರು ವರ್ಷದಿಂದ ನಮ್ಮ ದನ ಆ ಬೇಲಿಯಾಚೆ ಮೇಯ್ದಿಲ್ಲ, ಅವನಿಗೆ ನಗು. ಕೊನೆಗೆ ಸರ್ವೆಯವರು, "ಕೈ ಹಾಕದೇ ಇರೋ ಒಂದೇ ಒಂದು ಹಳೇ ಕಲ್ಲು ತೋರಿಸಿ, ಅಲ್ಲಿಂದ ಅಳೀತೀನಿ. ಇಲ್ಲಾಂದ್ರೆ ಬೇಲಿನೇ ಗಡಿ ಅಂತ ಬರೀಬೇಕಾಗುತ್ತೆ" ಎಂದು ನಾಳೆ ಹತ್ತರವರೆಗೆ ಸಮಯ ಕೊಟ್ಟು ಹೋದರು.

ನೀನು ಹತ್ತೂರು ತಿರುಗಿ ಕಂಡವರ ಜಮೀನು ಬಿಡಿಸಿಕೊಡುತ್ತೀಯ. ನಿನ್ನೂರಿನ ಸರ್ವೆಯ ದಿನವೇ ಇನ್ನೊಂದೂರಿನ ವಿಚಾರಣೆ, ಫೋನೂ ಎತ್ತುವುದಿಲ್ಲ. ತಪ್ಪು ನಿನ್ನದಲ್ಲ, ಗೊತ್ತು. ಆದರೂ ಯಾರನ್ನಾದರೂ ಬೈಯಬೇಕಲ್ಲ. ಅಮ್ಮ ಇದ್ದಿದ್ದರೆ ಅವಳ ಹತ್ತಿರ ನಿನ್ನನ್ನು ಬೈಯುತ್ತಿದ್ದೆ, ಅವಳು ನಿನ್ನ ಪರ ವಹಿಸುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಹೇಳಬೇಡ ಎಂದು ಮಾವ ಕೈ ಮುಗಿದರು, ಹೇಳಿದ್ದೇನೆ.

ನಿನ್ನ ಮೇಲೆ ಸಿಟ್ಟಾಗಿರುವ
ತಂಗಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಾಯಿ ಬಿಟ್ಟರು. ಏಳನೆಯ ಕಲ್ಲು ನಮ್ಮ ಹಿತ್ತಿಲಲ್ಲೇ ಇದೆ. ಮದುವೆಯ ಹೊಸದರಲ್ಲಿ ಅಮ್ಮ ಒಗೆಯಲು ಕಲ್ಲಿಲ್ಲ ಎಂದಳಂತೆ, ಅಪ್ಪ ಅದನ್ನು ಕಿತ್ತು ಗಾಡಿಯಲ್ಲಿ ಹೇರಿಕೊಂಡು ಬಂದರಂತೆ, ಎಲ್ಲಿಯದೆಂದು ಅವಳಿಗೆ ಹೇಳಲೇ ಇಲ್ಲವಂತೆ. ಬೇಲಿ ಮೊದಲು ಒಳಗೆ ನುಗ್ಗಿದ್ದು ಅದೇ ಜಾಗದಲ್ಲಿ. ಆಮೇಲೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಅಮ್ಮ ದಿನವಿಡೀ ಆ ಕಲ್ಲನ್ನು ಪೊದೆಯಲ್ಲಿ ಹುಡುಕಿ ಬಂದು, ಮಣ್ಣಾದ ಸೀರೆಯನ್ನು ಅದರ ಮೇಲೆಯೇ ಒಗೆದಳು. ಈಗಷ್ಟೇ ಅಪ್ಪ, ನಾನು ಇಬ್ಬರೂ ಹಾರೆ ಹಾಕಿ ಅದನ್ನು ಮಗುಚಿದೆವು. ಅಡಿಯಲ್ಲಿ ಅಂಕಿ ಇದೆ, ಯಾರ ಉಳಿಯೂ ತಾಗದ ಏಳು. ಬುಡ ಚೌಕವಾಗಿದೆ, ಬಂಡೆಯ ಗುಂಡಿಗೆ ಕೂರುತ್ತದೆ. "ಊರವರ ಮುಂದೆ ನಾನೇ ಹೇಳ್ತೀನಿ, ನೀನು ನಡುವೆ ಬಾಯಿ ಹಾಕಬೇಡ" ಎಂದಿದ್ದಾರೆ. ನಾಳೆ ಎಂಟಕ್ಕೆ ನಾಲ್ಕು ಜನ ಬಂದು ಕಲ್ಲು ಹೊತ್ತೊಯ್ಯುತ್ತಾರೆ. ನಾಳೆಗೆ ನಾನು ಬಟ್ಟೆ ನೆನೆಹಾಕಿಲ್ಲ.