ಮುಚ್ಚಿದ ಕಿಟಕಿ

ಭಾವ,

ಊಟ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಳ್ಳಿ, ಬೆಂಕಿ ಹಚ್ಚುವುದಂತೂ ನಿಮಗೆ ಗೊತ್ತು.

ಅಕ್ಕ ಸಿಗರೇಟು ಬಿಟ್ಟು ಐದು ವಾರವಾಯಿತು. ಆದರೂ ನಿನ್ನೆ ಆಸ್ಪತ್ರೆಯಲ್ಲಿ ಉಸಿರು ಊದಿಸಿ ನೋಡುವ ಯಂತ್ರ ಅವಳೊಳಗೆ ಸಿಗರೇಟಿನ ಹೊಗೆ ಇದೆ ಎಂದಿತು. “ಬಸುರಿ ಹೆಂಗಸು, ಕದ್ದು ಸೇದುತ್ತೀಯೇನಮ್ಮಾ?” ಎಂದರು ನರ್ಸ್. ಅಕ್ಕ ಬಾಯಿ ಬಿಡಲಿಲ್ಲ. ಬೀದಿಗೆ ಕಾಣದಂತೆ ಕಿಟಕಿ ಮುಚ್ಚಿ, ಅವಳ ಪಕ್ಕದಲ್ಲೇ ನೀವು ಸೇದುವುದನ್ನು ಹೇಳಿದರೆ ನಿಮ್ಮ ಮಾನ ಹೋಗುತ್ತದಂತೆ. ಇದ್ದರೆ ತಾನೇ ಹೋಗಲು!

“ಸೇದದೆಯೂ ಕಳ್ಳಿಯಾದೆ, ಒಂದು ಸೇದಿಯೇ ಬಿಡಲಾ?” ಎಂದು ದಾರಿಯಲ್ಲಿ ಕೇಳಿದಳು.

ಇಂದು ನಾಲ್ಕು ಗಂಟೆಗೆ ಮತ್ತೆ ಪರೀಕ್ಷೆ. ನೀವೂ ಬಂದು, ಅವಳೆದುರು ಅದೇ ಯಂತ್ರಕ್ಕೆ ಊದಿ. ಈ ಚೀಟಿಯನ್ನೂ ತನ್ನಿ. ತಿರುಗಿಸಿ ನೋಡಿ: ‘ಮನೆಯೊಳಗೆ ಸೇದುವುದಿಲ್ಲ’ ಎಂದು ನರ್ಸ್ ಎದುರು ನೀವೇ ಸಹಿ ಹಾಕಿದ ಕಾಗದ ಇದು.

ಸಹಿ ಮಾತ್ರ ಮುದ್ದಾಗಿದೆ.